ಬಾಡಿಗೆ ಮನೆಯಲ್ಲಿ ಏನೆಲ್ಲ ಆಗಬಹುದು

ಮನೆ ಬಾಡಿಗೆಗೆ ಕೊಡುವವರ ಮುಖ ಹೇಗಿರಬೇಕು ಎಂಬುದು ನನಗೆ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ನೌಕರಿಯ ಕಾಲವನ್ನೆಲ್ಲ ಸಿದ್ದಾಪುರ, ಯಲ್ಲಾಪುರಗಳ ಬಾಡಿಗೆ ಮನೆಗಳಲ್ಲಿ ಕಳೆದು, ಮಾಲೀಕರು ಎದುರಾದಾಗ ತುಸು ಬಗ್ಗಿ ನಗುವುದನ್ನು ರೂಢಿ ಮಾಡಿಕೊಂಡವನು ನಾನು. ನಿವೃತ್ತನಾದ ಮೇಲೆ ಶಿರಸಿಯಲ್ಲಿ, ನಾವಿರುವಲ್ಲಿಂದ ಎರಡು ಓಣಿ ಆಚೆ, ಬಾಡಿಗೆಗೆಂದೇ ಒಂದು ಸಣ್ಣ ಮನೆ ಕೊಂಡೆ. ಮಾಲೀಕನಾದರೂ ಆ ನಗು ಹೋಗಲಿಲ್ಲ. ಮನೆ ನೋಡಲು ಬಂದವರ ಎದುರು ನಾನೇ ಬಗ್ಗಿ ನಗುತ್ತಿದ್ದೆ. ಅವರಿಗೆ ಅನುಮಾನ ಬಂದು, ಸೂರು ಸೋರುತ್ತದೆಯೋ ಏನೋ ಎಂದು ಮೇಲೆ ನೋಡುತ್ತಿದ್ದರು.

ಈ ವಿದ್ಯೆಯಲ್ಲಿ ನನಗೆ ಗುರು ಸುಬ್ರಾಯ. ಸಿದ್ದಾಪುರದವನು, ಹಳೆಯ ಸ್ನೇಹಿತ, ನಾಲ್ಕು ಮನೆಗಳ ಒಡೆಯ. ಗೋಡೆಗೆ ಮೊಳೆ ಹೊಡೆಯಲು ಬಿಡಬೇಕೇ, ಬಲ್ಬು ಹೋದರೆ ಯಾರು ಹಾಕಬೇಕು, ನೆಂಟರು ಬಂದು ತಿಂಗಳುಗಟ್ಟಲೆ ಉಳಿದರೆ ಏನು ಮಾಡಬೇಕು, ಎಲ್ಲಕ್ಕೂ ಅವನಲ್ಲಿ ಉತ್ತರವಿತ್ತು. ಬಾಗಿಲಲ್ಲಿ ಚಪ್ಪಲಿಯನ್ನು ಸಾಲಾಗಿ ಬಿಡುವವರಿಗೆ ಕಣ್ಣು ಮುಚ್ಚಿ ಮನೆ ಕೊಡಬಹುದು ಎಂಬುದು ಅವನ ಸಿದ್ಧಾಂತ. ಮನೆ ನೋಡಲು ಬಂದವರಲ್ಲಿ ಹಾಗೆ ಬಿಟ್ಟವಳು ರೇಣುಕಾ ಒಬ್ಬಳೇ. ದಾಸನಕೊಪ್ಪದವಳು, ಪ್ರಾಥಮಿಕ ಶಾಲೆಯ ಟೀಚರು. ಗಂಡ ಶೇಖಪ್ಪ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ. ಅವರಿಗೇ ಕೊಟ್ಟೆ.

ಕೊಟ್ಟೆ ಎಂದೇನೋ ಹೇಳುತ್ತೇವೆ, ಆದರೆ ಕೊಟ್ಟಿರುವುದಿಲ್ಲ. ದಿನಾ ಸಂಜೆ ತಿರುಗಾಟಕ್ಕೆ ಹೊರಟವನು ಆ ಓಣಿಯಲ್ಲೇ ಹಾದು, ಅವರು ಕಿಟಕಿಗೆ ಯಾವ ಬಣ್ಣದ ಪರದೆ ಹಾಕಿದ್ದಾರೆ, ಮೆಟ್ಟಿಲ ಮೇಲೆ ಸೌದೆ ಒಡೆಯುತ್ತಾರೋ ಹೇಗೆ ಎಂದು ನೋಡಿಕೊಂಡು ಬರುತ್ತಿದ್ದೆ. ನಮ್ಮ ಭಾಷೆಗೆ ಈ ವಿಷಯದಲ್ಲಿ ನನಗಿಂತ ಉದಾರ ಮನಸ್ಸು. ಬಾಡಿಗೆಗೆ ಇರುವವರನ್ನು ಒಕ್ಕಲು ಎನ್ನುತ್ತೇವೆ, ಸ್ವಂತ ಮನೆ ಕಟ್ಟಿ ಒಳಹೊಗುವುದಕ್ಕೂ ಮನೆ ಒಕ್ಕಲು ಎಂದೇ ಹೆಸರು. ಯಾರದ್ದೇ ಆಗಲಿ, ಒಳಗೆ ಒಲೆ ಹಚ್ಚಿ ಬಾಳುವವರು ಬಂದಾಗಲೇ ಅದು ಮನೆ ಎಂದು ಮೊದಲು ಈ ಮಾತು ಆಡಿದವರಿಗೆ ಗೊತ್ತಿದ್ದಿರಬೇಕು. ಅವರು ಖಂಡಿತ ಸುಬ್ರಾಯನ ಕಡೆಯವರಲ್ಲ.

ರೇಣುಕಾ ಬಂದ ಮರುವರ್ಷ ಅವಳ ತಾಯಿ ಗಂಗವ್ವನಿಗೆ ಕಾಯಿಲೆ ಜೋರಾಯಿತು. ಶಿರಸಿಯ ಆಸ್ಪತ್ರೆಗೆ ಸೇರಿಸಿದರು. ಕೆಲವು ದಿನ ನೋಡಿದ ವೈದ್ಯರು, ಇನ್ನು ಮನೆಗೆ ಒಯ್ಯಿರಿ ಎಂದುಬಿಟ್ಟರು. ಹಾಗೆಂದರೆ ಏನೆಂದು ಎಲ್ಲರಿಗೂ ತಿಳಿಯುತ್ತದೆ. ಯಾವ ಮನೆಗೆ ಎಂಬುದು ಮಾತ್ರ ವೈದ್ಯರು ಹೇಳುವ ಸಂಗತಿಯಲ್ಲ. ಊರಿನಲ್ಲಿ ರೇಣುಕಾಳ ತಮ್ಮನು ಮನೆಯ ರಿಪೇರಿಗೆಂದು ಹೆಂಚು ಇಳಿಸಿ ಕೂತಿದ್ದ, ಅವನ ಸಂಸಾರವೇ ಕೊಟ್ಟಿಗೆಯಲ್ಲಿತ್ತು.

ಆ ಸಂಜೆ ತಾಯಿಯನ್ನು ಬಾಡಿಗೆ ಮನೆಗೇ ತಂದು ಮಲಗಿಸಿ ರೇಣುಕಾ ನಮ್ಮ ಮನೆಗೆ ಬಂದಳು. ಕುಳಿತುಕೊಳ್ಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಹೇಳಿದಳು: "ಅವ್ವನ್ನ ನಾಳಿ ಊರಿಗೆ ಕರಕೊಂಡು ಹೋಗ್ತೀವ್ರಿ. ಬಾಡಿಗಿ ಮನ್ಯಾಗ ಹಂಗಾಗಬಾರದಲ್ರಿ. ಇವತ್ತೊಂದಿನ ಇರ್ಲಿ, ಅಷ್ಟು ಕೇಳಾಕ ಬಂದೆ."

ಇವತ್ತಿನ ಮಟ್ಟಿಗೆ ಆಗಲಿ ಎಂಬಂತೆ ನಾನು ತಲೆ ಆಡಿಸಿದೆ. ಅವಳು ಹೋದ ಕೂಡಲೇ ಸುಬ್ರಾಯನಿಗೆ ಫೋನು ಮಾಡಿದೆ. ಅವನದ್ದು ಕಠಿಣ ಮನಸ್ಸೇನಲ್ಲ, ಆದರೆ ಲೆಕ್ಕ ಸ್ಪಷ್ಟ. ಅವರಾಗಿಯೇ ಹೋಗುತ್ತೇವೆ ಅಂದಿದ್ದಾರೆ, ಸುಮ್ಮನಿದ್ದುಬಿಡು ಎಂದ. ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ತಿಂಗಳುಗಟ್ಟಲೆ ಮನೆ ಮುಚ್ಚಬೇಕಾದೀತು, ಆಮೇಲೆ ಬಂದವರೆಲ್ಲ ಅದನ್ನೇ ಕೇಳುತ್ತಾರೆ, ಒಕ್ಕಲು ಸಿಗುವುದಿಲ್ಲ ಎಂದೂ ಹೇಳಿದ. ಸುಮ್ಮನಿರುವುದು ನನಗೆ ಬಹಳ ಹಿಡಿಸಿತು. ಬೇಡ ಎಂದು ಹೇಳಿದ ಪಾಪವೂ ಇಲ್ಲ, ಇರಲಿ ಎಂದು ಹೇಳಿದ ತೊಂದರೆಯೂ ಇಲ್ಲ.

ಹೆಂಡತಿ ಸಾವಿತ್ರಿ ಒಳಗೆ ಹಲಸಿನ ಬೇಳೆ ಸುಲಿಯುತ್ತ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಫೋನು ಇಟ್ಟ ಮೇಲೆ ಕೈ ಒರೆಸಿಕೊಳ್ಳುತ್ತ ಬಂದು ಎದುರು ಕುಳಿತಳು.

"ಆನು ಮಗಳನ್ನ ಹೆತ್ತು ಬಾಣಂತನ ಮಾಡ್ಕ್ಯಂಡಿದ್ದು ಯಲ್ಲಾಪುರದ ಬಾಡಿಗೆ ಮನೇಲಲ್ದಾ? ಬಾಡಿಗೆ ಮನೇಲಿ ಹುಟ್ಟಲಕ್ಕು, ಸಾಯಲಾಗ ಹೇಳಿ ಎಂತ ಲೆಕ್ಕ ಇದು?"

ಹುಟ್ಟಬಹುದಾದ ಮನೆಯಲ್ಲಿ ಸಾಯಬಾರದೇಕೆ ಎಂದು ಕೇಳಿದವಳು ಉತ್ತರಕ್ಕೂ ಕಾಯದೆ ಚಪ್ಪಲಿ ಮೆಟ್ಟಿ ಹೊರಟಳು. ನಾನು ಹಿಂದೆ ಹೋದೆ. ರೇಣುಕಾ ತಾಯಿಯ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಿಮ್ಮ ಅವ್ವ ಎಲ್ಲಿಗೂ ಹೋಗುವುದು ಬೇಡ, ಇಲ್ಲೇ ಇರಲಿ ಎಂದು ನಾನೇ ಹೇಳಿದೆ. ಅವಳು ಚೀಲದಿಂದ ಒಂದೊಂದೇ ಸೀರೆ ತೆಗೆದು ಮತ್ತೆ ಬಟ್ಟೆ ಹಾಕುವ ಬಿದಿರ ಗಳದ ಮೇಲೆ ಹಾಕತೊಡಗಿದಳು. ಮುಖ ನಮ್ಮ ಕಡೆ ತಿರುಗಿಸಲಿಲ್ಲ.

ಗಂಗವ್ವ ಆ ವಾರ ಸಾಯಲಿಲ್ಲ. ಆ ತಿಂಗಳೂ ಇಲ್ಲ. ಗಂಜಿ ಕುಡಿದು, ಎದ್ದು ಕೂತು, ಮಳೆಗಾಲ ಮುಗಿಯುವ ಹೊತ್ತಿಗೆ ಜಗಲಿಗೇ ಬಂದುಬಿಟ್ಟಳು. ನಾನು ಆ ದಾರಿಯಲ್ಲಿ ಹೋದರೆ, "ಬರ್ರಿ, ಕುಂದರ್ರಿ, ಚಾ ಕುಡಿದು ಹೋಗ್ರಿ" ಎಂದು ಕರೆಯುತ್ತಿದ್ದಳು. ನಾನು ಮಾಲೀಕ ಎಂದು ಅವಳಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದ್ದು ಅವಳಿಗೆ ಮುಖ್ಯವೆನಿಸಲಿಲ್ಲವೋ. ಆ ಜಗಲಿಯಲ್ಲಿ ನಾನು ನೆಂಟ, ಅವಳು ಮನೆಯವಳು. ಚಳಿಗಾಲದ ಒಂದು ಬೆಳಿಗ್ಗೆ, ಮಗಳು ತಲೆ ಬಾಚುತ್ತಿದ್ದಾಗ, ಅಲ್ಲೇ ತೀರಿಕೊಂಡಳು. ಶೇಖಪ್ಪ ತನ್ನ ಗಾಡಿಯಲ್ಲೇ ಊರಿಗೆ ಒಯ್ದ. ಮಣ್ಣು ಮಾಡುವ ತನಕ ನಾವಿಬ್ಬರೂ ದಾಸನಕೊಪ್ಪದಲ್ಲಿದ್ದೆವು.

ಬೇಸಿಗೆಯಲ್ಲಿ ರೇಣುಕಾಗೆ ಯಲ್ಲಾಪುರಕ್ಕೆ ವರ್ಗವಾಯಿತು. ಮನೆ ಖಾಲಿಯಾಯಿತು. ಸುಬ್ರಾಯ ಹೇಳಿದಂತೆಯೇ ಇಬ್ಬರು ಮೂವರು ವಿಷಯ ತಿಳಿದು ಹಿಂದೆ ಸರಿದರು. ನಾನೂ ಸ್ವಲ್ಪ ಹೆದರಿದ್ದೆ, ಸುಳ್ಳೇನೂ ಹೇಳುತ್ತಿಲ್ಲ. ಕೊನೆಗೆ ದೊಡ್ಮನೆ ಎಂಬ ಊರಿನ ಕಡೆಯ ಗಂಡ ಹೆಂಡತಿ ಬಂದರು, ಸಣ್ಣ ವಯಸ್ಸಿನವರು. ಅವರು ಕೇಳುವ ಮೊದಲೇ ನಾನು ಗಂಗವ್ವನ ವಿಷಯ ಹೇಳಿಬಿಟ್ಟೆ. ಗಂಡ, ಹೆಂಡತಿಯ ಮುಖ ನೋಡಿದ.

"ಅವು ರಾಶಿ ನರಳಿದ್ವಾ?" ಎಂದು ಅವಳು ಗಂಗವ್ವನ ಬಗ್ಗೆ ಕೇಳಿದಳು.

ಇಲ್ಲ, ಮಗಳ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತಿದ್ದರು ಎಂದೆ. ಅವಳು ಒಂದು ಕ್ಷಣ ಜಗಲಿಯ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ ಬಚ್ಚಲಿನ ನಲ್ಲಿ ತಿರುಗಿಸಿದಳು. ಅದು ಒಣ ಉಸಿರು ಬಿಟ್ಟಿತು.

"ಇಲ್ಲಿ ನೀರು ಯಾವ ಹೊತ್ತಿಗೆ ಬತ್ತು?"

ನಲ್ಲಿಗೆ ನೀರು ಬರುವ ಹೊತ್ತು ಯಾವುದು, ಇದು ಗುರುಗಳೂ ಹೇಳಿಕೊಡದ ಪ್ರಶ್ನೆ. ಕಾಗದದ ಪ್ರಕಾರ ಮನೆ ನನ್ನದೇ, ಆದರೆ ಅದರೊಳಗೆ ಒಂದು ದಿನವೂ ಮುಖ ತೊಳೆದವನಲ್ಲ ನಾನು. ಸ್ವಲ್ಪ ತಡೆಯಿರಿ, ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಹೊರಗೆ ಬಂದು, ಯಲ್ಲಾಪುರದ ರೇಣುಕಾಗೆ ಫೋನು ಮಾಡಿದೆ.