ಬೆಲ್ ಇಲ್ಲದ ಸವಾರಿ

ಕಳೆದ ಭಾನುವಾರ ಉಪ್ಪುಂದದಲ್ಲಿ ನನ್ನ ಸ್ವಂತ ಅಕ್ಕ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, ಒಂದು ಲೋಟ ನೀರೂ ಕೊಡದೆ, "ಯಾರ್ ತೀರಿ ಹೋದ್ದ್?" ಎಂದು ಕೇಳಿದಳು.

ನಾನು ಹೋಗಿದ್ದು ಕಡುಬಿನ ವಿಚಾರ ಮಾತಾಡಲು!

ಮೊದಲಿನಿಂದ ಹೇಳುತ್ತೇನೆ. ಬ್ರಹ್ಮಾವರದಲ್ಲಿ ನಾವು ಕೆಲವರು ಬೆಳಿಗ್ಗೆ ಶಟಲ್ ಆಡುತ್ತೇವೆ. (ಆಡುವುದು ಕಡಿಮೆ, ಕಾಕ್ ಹೆಕ್ಕುವುದು ಹೆಚ್ಚು.) ನಮ್ಮಲ್ಲಿ ದಿನಕರ ಎಂಬವನಿಗೆ ಐಡಿಯಾ ಬರುವ ಕಾಯಿಲೆ. "ಎಲ್ಲ ಸೇರಿ ಬೈಂದೂರಿಗೆ ಸೈಕಲ್ಲಗೆ ಹೋಪ ಮಾರಾಯ್ರೆ. ರೇಸ್ ಅಲ್ಲ, ಆರಾಮಗೆ. ಕಡಲ್ ಕಾಂತಾ ಹೋಪ್ದ್, ಚಾ ಕುಡಿತಾ ಹೋಪ್ದ್" ಎಂದ. ಎಲ್ಲರೂ ಜೈ ಎಂದರು. "ಪ್ಲಾನಿಂಗ್ ಇವ್ರಿಗ್ ಕೊಡುವ. ಆಪತ್ತೆಲ್ಲ ಇವ್ರಿಗ್ ಮೊದ್ಲೇ ಗೊತ್ತಾತ್ತ್" ಎಂದು ನನ್ನತ್ತ ಕೈ ತೋರಿಸಿದ.

ಸುಳ್ಳಲ್ಲ. ಚಿಂತೆ ನನ್ನ ಫುಲ್‌ಟೈಮ್ ಕೆಲಸ. ಪಂಕ್ಚರ್ ಆದರೆ? ನಾಯಿ ಅಟ್ಟಿಸಿಕೊಂಡು ಬಂದರೆ? ಕೋಡಿಯ ರಸ್ತೆಗೆ ಮರಳು ಬಂದಿದ್ದರೆ? ಹೈವೇಯನ್ನು ಅಗಲ ಮಾಡುತ್ತೇವೆಂದು ಅಗೆದು ಹಾಕಿದ್ದಾರಲ್ಲ, ಅಲ್ಲಿ ಸೆಲ್ಫಿ ತೆಗೆಯಲು ನಿಂತವನನ್ನು ಟಿಪ್ಪರ್ ಕೊಂಡುಹೋದರೆ?

ಆದರೂ ಒಪ್ಪಿಕೊಂಡೆ. ಕಾರಣ ಅವರಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಹೆಂಡತಿ ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಭಾನುವಾರ ನನಗೊಂದು ಸಮಸ್ಯೆ. ಮಾರ್ಕೆಟ್ಟಿನಲ್ಲಿ ಬಂಗುಡೆಯನ್ನು ಪಾಲು ಹಾಕಿ ಇಟ್ಟಿರುತ್ತಾರೆ, ಒಂದೇ ಒಂದು ಕೊಡಿ ಎಂದರೆ, "ಒಂದ್ ಮೀನ್ ಯಾರ್ ತಕಂಡ್ ಹೋತ್ರ್?" ಎನ್ನುತ್ತಾರೆ. ಇಡೀ ಪಾಲು ತಂದು ಬುಧವಾರದವರೆಗೆ ಅದೇ ಸಾರು. ಹನ್ನೆರಡು ಜನರ ಗಲಾಟೆಯಲ್ಲಿ ಒಂದು ಭಾನುವಾರ ಕಳೆಯುತ್ತದೆ ಎಂದಾದರೆ, ರಸ್ತೆಯ ಹೊಂಡ ಎಣಿಸಲೂ ನಾನು ತಯಾರಿದ್ದೆ.

ಎಣಿಸಲೆಂದೇ ಒಬ್ಬನೇ ಹೊರಟೆ, ಒಂದು ವಾರ ಮೊದಲು. ಟ್ರಯಲ್! ಹೊಸ ಗೇರ್ ಸೈಕಲ್, ತಲೆಗೆ ಹೆಲ್ಮೆಟ್.

ಕೋಡಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬರು ಕೂಗಿದರು: "ಹ್ವಾಯ್, ಮೀನ್ ಮಾರುಕ್ ಹೊರಟ್ರ್ಯಾ? ಬಾಕ್ಸ್ ಎಲ್ಲಿತ್ತ್?"

"ಇಲ್ಲ, ಸುಮ್ನೆ ಹೊರಟದ್ದ್."

ತ್ರಾಸಿಯ ಚಾ ಅಂಗಡಿಯವರು, "ಬೈಕಿಗ್ ಎಂತಾಯ್ತ್?" ಎಂದರು. ಬೈಕ್ ಸರಿ ಇದೆ, ಇದು ಸುಮ್ನೆ ಎಂದೆ. "ಒಬ್ರೇಯಾ?" "ಇವತ್ ಒಬ್ನೇ. ಬಪ್ಪ ವಾರ ಹನ್ನೆರಡ್ ಜನ!" (ಎಷ್ಟು ಗತ್ತಿನಲ್ಲಿ ಹೇಳಿದೆನೆಂದರೆ, ಅವರು ಚಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.)

ಮರವಂತೆಯಲ್ಲಿ ನಿಂತೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಎಷ್ಟು ಸಲ ನೋಡಿದರೂ, "ಇಲ್ ಕಾಣ್" ಎಂದು ಪಕ್ಕದವರ ಕೈ ಜಗ್ಗಬೇಕು ಅನ್ನಿಸುವ ಜಾಗ ಅದು. ಪಕ್ಕದಲ್ಲಿ ಹ್ಯಾಂಡಲ್ ಇತ್ತು. ನಾನು ಹೊಂಡ ಎಣಿಸಿಕೊಂಡು ಮುಂದೆ ಹೋದೆ.

ಬೈಂದೂರಿಗೆ ಮೊದಲೇ ಸಿಗುವ ಉಪ್ಪುಂದದಲ್ಲಿ ಅಕ್ಕ ಅಂಗಳದಲ್ಲಿ ಒಡೆದ ತೆಂಗಿನಕಾಯಿ ಒಣಹಾಕುತ್ತಿದ್ದಳು. ತಲೆಯೆತ್ತಿ ನನ್ನನ್ನು ಕಂಡಳು. ಕೈಲಿದ್ದ ಕಾಯಿ ಕಡಿ ಕೆಳಗೆ ಬಿತ್ತು.

ಅವಳ ತಪ್ಪಲ್ಲ. ಫೋನಿಲ್ಲದ ಕಾಲದಲ್ಲಿ ನಮ್ಮ ಕಡೆ ಸಾವಿನ ಸುದ್ದಿ ಸೈಕಲ್ಲಿನಲ್ಲಿ ಬರುತ್ತಿತ್ತು. ನಮ್ಮ ಕುಟುಂಬದಲ್ಲಿ ಸೈಕಲ್ ಇದ್ದದ್ದು ನನ್ನ ಹತ್ತಿರ, ಹಾಗಾಗಿ ಆ ಕೆಲಸವೂ ನನ್ನದೇ. ಅದಕ್ಕೊಂದು ಕ್ರಮವಿತ್ತು. ಬೆಲ್ ಬಾರಿಸಬಾರದು. ಸ್ಟ್ಯಾಂಡ್ ಹಾಕಬಾರದು. ಜಗಲಿ ಹತ್ತಬಾರದು. ನೀರು ಕೇಳಬಾರದು, ಮನೆಯವರೂ ಕೊಡಬಾರದು. ಹ್ಯಾಂಡಲ್ ಹಿಡಿದುಕೊಂಡೇ ಹೆಸರು ಹೇಳಿ, ಮುಂದಿನ ಮನೆಗೆ ಹೋಗಬೇಕು. ಅಪ್ಪ ಹೋದಾಗ, ಅಮ್ಮ ಹೋದಾಗ ಅಕ್ಕನ ಅಂಗಳದಲ್ಲಿ ಹಾಗೆ ನಿಂತವನು ನಾನು. ಹೆಂಡತಿಯ ಸುದ್ದಿಯನ್ನು ಮಾತ್ರ ಫೋನಿನಲ್ಲಿ ಹೇಳಿದ್ದೆ.

ಈಗಿನ ಗೇರ್ ಸೈಕಲ್ಲಿಗೆ ಬೆಲ್ಲೂ ಇಲ್ಲ, ಸ್ಟ್ಯಾಂಡೂ ಇಲ್ಲ. ಅದೇ ಸ್ಟೈಲಂತೆ! ಸದ್ದಿಲ್ಲದೆ ಬಂದು, ಬೆವರು ಸುರಿಸುತ್ತಾ, ಹ್ಯಾಂಡಲ್ ಹಿಡಿದು ನಿಂತ ತಮ್ಮನನ್ನು ಕಂಡು ಅವಳು ಇನ್ನೇನೆಂದುಕೊಳ್ಳಬೇಕು?

"ಯಾರೂ ಹೋಯ್ಲಿಲ್ಲ ಅಕ್ಕ."

"ಸುಳ್ಳ್ ಹೇಳ್ಬೇಡ ಮಾಣಿ. ಚಿಕ್ಕಪ್ಪಯ್ಯನಾ?"

"ಅಲ್ಲ."

"ಸಾಲಿಗ್ರಾಮದ್ ಅತ್ತೆಯಾ?"

"ಅಲ್ಲ ಮಾರಾಯ್ತಿ, ಅತ್ತೆ ಗಟ್ಟಿ ಇದ್ರ್. ಮೊದ್ಲ್ ನೀರ್ ಕೊಡ್."

"ಹಂಗಾರೆ ನಿನ್ ಮನ್ಯಗೆ..." ಎಂದವಳು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ತನಗೇ ಹೇಳಿಕೊಂಡಳು: "ನಿನ್ ಮನ್ಯಗೆ ಸಾಯುಕೆ ಯಾರ್ ಇದ್ರ್?"

ನಾನು ನಕ್ಕೆ. ಅವಳು ನಗಲಿಲ್ಲ. ಒಳಗೆ ಹೋಗಿ ನೀರು ತಂದಳು.

"ಮತ್ ಎಂತಕ್ ಬಂದದ್ದ್?"

"ಸುಮ್ನೆ."

"ಈಗ ಸುಮ್ನೆ ಯಾರ್ ಬತ್ರ್?"

ಅದೂ ಸರಿಯೇ. ಮದುವೆಗೆ ಹೋಗುತ್ತೇವೆ, ಗೃಹಪ್ರವೇಶಕ್ಕೆ ಹೋಗುತ್ತೇವೆ, ಆಸ್ಪತ್ರೆಗೆ ಹೋಗಿ ಹಣ್ಣು ಕೊಟ್ಟು ಬರುತ್ತೇವೆ. ಸುಮ್ಮನೆ ಹೋಗಲು ಯಾರೂ ಕಾರ್ಡ್ ಹಂಚುವುದಿಲ್ಲವಲ್ಲ. ನಮ್ಮ ಟೂರಿನ ವಿಷಯ ಹೇಳಿ, ಬೆಳಗಿನ ತಿಂಡಿಗೆ ನಿನ್ನ ಮನೆಯಲ್ಲಿ ನಿಲ್ಲಬಹುದೇ, ಕಡುಬು ಆದೀತೇ ಎಂದು ಕೇಳಿದೆ. ಅಕ್ಕನ ಮುಖ ಅರಳಿತು. "ಹನ್ನೆರಡ್ ಜನ್ವಾ? ಕೊಟ್ಟೆ ಕಡುಬ್ ಮಾಡ್ತೆ. ಕೊಟ್ಟೆ ಕಟ್ಟುಕೆ ಹಲ್ಸಿನ್ ಎಲಿ ಕೊಯ್ಸಿ ಇಡ್ತೆ."

ಇನ್ನು ನಮ್ಮ ವಾಟ್ಸ್ಆ್ಯಪ್ ಗ್ರೂಪಿನ ಕಥೆ. ಮಂಗಳವಾರ ಒಬ್ಬರಿಗೆ ಮೊಣಕಾಲು ನೋವು. ಬುಧವಾರ ಇಬ್ಬರಿಗೆ ಒಂದೇ ಗೃಹಪ್ರವೇಶ. ಮತ್ತೊಬ್ಬರ ಹೆಂಡತಿ ಬೇಡ ಎಂದರಂತೆ. (ಬೇಡ ಎನ್ನಲು ಒಬ್ಬರು ಇರುವುದೂ ಪುಣ್ಯವೇ.) ನಿನ್ನೆ ದಿನಕರನಿಗೆ ಹೊಸ ಐಡಿಯಾ ಬಂತು: ಸೈಕಲ್‌ಗಳನ್ನು ಪಿಕಪ್ಪಿಗೆ ಹಾಕುವುದು, ನಾವು ಕಾರಿನಲ್ಲಿ ಹೋಗುವುದು, ಮರವಂತೆಯಲ್ಲಿ ಇಳಿದು ಸೈಕಲ್ ಜತೆ ಫೋಟೋ ಹೊಡೆದುಕೊಂಡು ಬರುವುದು. ಹೆಬ್ಬೆರಳುಗಳ ಮಳೆ! ಸಂಜೆ ಹೊತ್ತಿಗೆ ಪಿಕಪ್ ಸಿಗಲಿಲ್ಲವೆಂದು ಅದೂ ಕ್ಯಾನ್ಸಲ್. ಈಗ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳು ಮಾತ್ರ ಇವೆ.

ನಾಯಿ, ಪಂಕ್ಚರ್, ಟಿಪ್ಪರ್ ಎಲ್ಲಕ್ಕೂ ಚಿಂತೆ ಮಾಡಿದ್ದ ನನಗೆ ಯಾರೂ ಬಾರದಿದ್ದರೆ ಎಂಬ ಚಿಂತೆ ಮಾತ್ರ ಹೊಳೆದಿರಲಿಲ್ಲ, ನೋಡಿ.

ಅಕ್ಕನಿಗೆ ಫೋನ್ ಮಾಡಿದೆ. "ಯಾರೂ ಬತ್ತಿಲ್ಲ ಅಕ್ಕ. ಬೇಜಾರ್ ಮಾಡ್ಬೇಡ."

"ಎಲಿ ಕೊಯ್ಸಿ ಆಯ್ತ್. ನೀನ್ ಬತ್ಯಾ ಇಲ್ಯಾ, ಅದ್ ಹೇಳ್."

"ನಾನೊಬ್ನೇ ಬಂದ್ ಎಂತ ಮಾಡೂದ್?"

"ಕಡುಬ್ ತಿಂಬುದ್!" ಮತ್ತೆ ಹೇಳಿದಳು: "ಆ ಸೈಕಲ್ ಬೇಡ. ಬಸ್ಸಿಗ್ ಬಾ. ಅದನ್ ಕಂಡ್ರೆ ಎದೆ ಡವ ಡವ ಅಂತತ್ತ್."

ನಾನು ಬಸ್ಸಿಗೆ ಹೋಗುವುದಿಲ್ಲ. ಇವತ್ತು ಸೈಕಲ್ ಅಂಗಡಿಗೆ ಹೋಗಿ ಹಳೇ ಕಾಲದ ದೊಡ್ಡ ಬೆಲ್ ಒಂದನ್ನು ಹಾಕಿಸಿದೆ. "ಗೇರ್ ಸೈಕಲ್ಲಿಗ್ ಬೆಲ್ಲಾ ಸರ್? ಚಂದ ಕಾಂತಿಲ್ಲ" ಎಂದ ಅಂಗಡಿಯವ. ಚಂದ ಯಾರಿಗೆ ಬೇಕು? ನಾಳೆ ಉಪ್ಪುಂದದ ತಿರುವಿನಿಂದಲೇ ಬಾರಿಸುತ್ತಾ ಹೋಗುತ್ತೇನೆ. ಇವನು ಯಾರ ಸಾವನ್ನೂ ತಂದಿಲ್ಲ, ಹಸಿದುಕೊಂಡು ಬಂದಿದ್ದಾನೆ ಎಂದು ಅಕ್ಕನಿಗೆ ಒಳಗಿಂದಲೇ ಗೊತ್ತಾಗಬೇಕು.

ಹೋಗುವಾಗಿನ ಬೆಲ್ ಅಕ್ಕನಿಗಾಯಿತು. ಸಂಜೆ ವಾಪಸು ಬಂದು, ನನ್ನ ಮನೆಯ ಗೇಟಿನೆದುರು ಯಾರಿಗೆಂದು ಬಾರಿಸಲಿ?