ಹುಬ್ಬಳ್ಳಿ ದಾಟದ ಆ ಎರಡು ಪುಟ

ಯಾರೋ ಗ್ರೂಪಿನಲ್ಲಿ ತಪ್ಪು ಮೆಸೇಜ್ ಹಾಕಿದ್ದಾರೆ ಅಂದುಕೊಂಡೆ...
ಅವನ ಮನೆಗೇ ಫೋನ್ ಮಾಡಿದೆ.
ಸೊಸೆ ಎತ್ತಿದಳು. ಅತ್ತಳು.
ಆದರೂ ನಾನು, ಅವನ ಕೈಗೆ ಫೋನ್ ಕೊಡು ಅಂದೆ ನೋಡಿ...
ತೊಂಬತ್ತರ ಹತ್ತಿರ ಬಂದವನ ತಲೆ ಹೀಗೆಯೇ.

ಡಾಕ್ಟರ್ ಗುರುನಾಥ ಹೋಗಿಬಿಟ್ಟ.
ಗರಗದ ನೇಕಾರರ ಮನೆಯಿಂದ ಬಂದು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಐವತ್ತು ವರ್ಷ ದವಾಖಾನೆ ನಡೆಸಿದವನು.
ನನ್ನ ಗೆಳೆಯ.

ಬೆಳಗಿನಿಂದ ನೀವೆಲ್ಲ ಬರೆಯುತ್ತಿದ್ದೀರಿ... "ಜಗತ್ತಿನ ವೈದ್ಯನೀತಿಗೆ ಹುಬ್ಬಳ್ಳಿಯ ದನಿ ಮುಟ್ಟಿಸಿದವರು" ಅಂತ.
ಶೇರ್ ಮೇಲೆ ಶೇರ್.
ಆ ಮಾತು ಸುಳ್ಳು.
ಅದನ್ನು ಹುಟ್ಟಿಸಿದವನು ನಾನು.

ಅರವತ್ತರ ದಶಕದ ಶುರುವಿನ ವರ್ಷಗಳು. ಇಬ್ಬರದೂ ಹೊಸ ಪ್ರಾಕ್ಟೀಸ್. ವೈದ್ಯರ ಸಂಘದ ಊರ ಶಾಖೆಗೆ ನಾನು ಸೆಕ್ರೆಟರಿ.
ಆಗ ದೇಶದೇಶಗಳ ವೈದ್ಯ ಸಂಘಗಳು ಕೂಡಿ ಒಂದು ನೀತಿಸಂಹಿತೆ ಬರೆಯುತ್ತಿದ್ದವು. ರೋಗಿಯ ಮೇಲೆ ಹೊಸ ಔಷಧ ಪರೀಕ್ಷೆ ಮಾಡುವ ಮುಂಚೆ ಅವನ ಒಪ್ಪಿಗೆ ಹೇಗೆ ಕೇಳಬೇಕು ಅಂತ.
ದಿಲ್ಲಿಯಲ್ಲಿದ್ದ ನಮ್ಮ ದೇಶದ ಸಂಘ ಅದರ ಕರಡನ್ನು ಶಾಖೆಗಳಿಗೆ ಕಳಿಸಿ ಅಭಿಪ್ರಾಯ ಕೇಳಿತು.

ನಮ್ಮ ಶಾಖೆಯ ಪದ್ಧತಿ ಹೇಳಿಬಿಡುತ್ತೇನೆ.
ಮೇಲಿನಿಂದ ಬಂದ ಸರ್ಕ್ಯುಲರ್ ಓದುವುದು ಮೀಟಿಂಗಿನ ಕೊನೆಗೆ. ಅಷ್ಟೊತ್ತಿಗೆ ಚಹಾ, ಮಿರ್ಚಿ ಬಂದಿರುತ್ತಿತ್ತು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.
"ಓದಲಾಯಿತು, ದಾಖಲಿಸಲಾಯಿತು" ಅಂತ ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಎಷ್ಟೋ ಸಲ ಮೀಟಿಂಗಿಗೆ ಬರುವ ಮೊದಲೇ ಬರೆದುಕೊಂಡು ಬಂದಿರುತ್ತಿದ್ದೆ.

ಆ ದಿನ ಗುರುನಾಥ ಒಬ್ಬನೇ ಎದ್ದು ನಿಂತ. ಕರಡನ್ನು ಮನೆಗೆ ಒಯ್ದು ಓದಿ ಉತ್ತರ ಬರೆಯುತ್ತೇನೆ ಅಂದ.
ಜಗತ್ತಿನವರು ಬೆಂಗೇರಿಯ ದವಾಖಾನೆಯನ್ನು ಕೇಳಿ ನೀತಿ ಬರೆಯುತ್ತಾರೇನು ಅಂತ ಹಿರಿಯರು ನಕ್ಕರು.
ನಾನೂ ನಕ್ಕೆ...

ಮುಂದಿನ ವಾರ ಎರಡು ಪುಟ ಬರೆದು ತಂದ.
ಗಬ್ಬೂರಿನ ಒಬ್ಬ ಹೆಣ್ಣುಮಗಳ ಸಂಗತಿಯಿಂದ ಶುರುವಾಗಿತ್ತು.
ಆಕೆಗೆ ಬಿ.ಪಿ. ಒಬ್ಬ ಡಾಕ್ಟರು ಕಂಪನಿಯ ಹೊಸ ಗುಳಿಗೆ ಕೊಟ್ಟು, ಏನಾಗುತ್ತದೆ ನೋಡಿ ಕಂಪನಿಗೆ ರಿಪೋರ್ಟ್ ಬರೆಯುತ್ತಿದ್ದರು. ಇದು ಪರೀಕ್ಷೆ ಅಂತ ಆಕೆಗೆ ಹೇಳಿರಲಿಲ್ಲ.
ಒಂದು ದಿನ ತಲೆಸುತ್ತು ಬಂದು ಒಲೆಯ ಮೇಲೆ ಬಿದ್ದಳು. ಮೊಣಕೈತನಕ ಸುಟ್ಟಿತು.
ಗುರುನಾಥ ಪಟ್ಟಿ ಕಟ್ಟುವಾಗ ಆಕೆ ಹೇಳಿದ್ದನ್ನು ಅವನು ಹಾಗೆಯೇ ಬರೆದಿದ್ದ.
"ಇದು ಹೊಸಾ ಗುಳಿಗಿ ಐತಿ ಅಂತ ನನಗ ಒಂದ್ ಮಾತ ಹೇಳಬೇಕಿತ್ತಲ್ರಿ. ತಗೊಳ್ಳೋದು ಬಿಡೋದು ನಾ ನೋಡ್ಕೋತಿದ್ನಿ."

ಅದರ ಕೆಳಗೆ ಅವನ ಮಾತು... ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆ ಅಲ್ಲ. ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಬೇಡ ಅಂದವರಿಗೂ ಅಷ್ಟೇ ಕಾಳಜಿಯಿಂದ ಔಷಧ ಕೊಡಬೇಕು.
ಆ ಡಾಕ್ಟರ ಹೆಸರನ್ನು ಮಾತ್ರ ಬರೆದಿರಲಿಲ್ಲ.

ಆ ಡಾಕ್ಟರು ನಾನೇ.

ಗುರುನಾಥಾ...
ನಿನಗೆ ಗೊತ್ತಿತ್ತು. ಆಕೆಯ ಹತ್ತಿರ ಇದ್ದ ನನ್ನ ಔಷಧದ ಚೀಟಿ ನೀನು ನೋಡಿದ್ದೆ.
ಆದರೂ ಒಂದು ಮಾತು ಎತ್ತಲಿಲ್ಲ. ಪುಟಗಳನ್ನು ನನ್ನ ಕೈಗೇ ಕೊಟ್ಟೆ.
"ನೀನ ಕಳಸು. ಸೆಕ್ರೆಟರಿ ನೀ ಅದಿ" ಅಂದೆ.
ನಾನೇ ಕಳಿಸಿ ಮನಸ್ಸು ಹಗುರ ಮಾಡಿಕೊಳ್ಳಲಿ ಅಂತ ಬಿಟ್ಟಿದ್ದೆಯೇನೋ ಮಾರಾಯ...
ನಾನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.
ಹೆಸರಿಲ್ಲದಿದ್ದರೂ ಯಾರಾದರೂ ಪತ್ತೆ ಹಚ್ಚಿಯಾರು ಅಂತ ಅಂಜಿದೆ. ದಿಲ್ಲಿಗೆ ನಾನು ಬರೆದದ್ದು ಒಂದೇ ಸಾಲು, ನಮ್ಮ ಶಾಖೆಯದು ಏನೂ ಅಭಿಪ್ರಾಯ ಇಲ್ಲ ಅಂತ.
ತಿಂಗಳಾದ ಮೇಲೆ ನೀನು ಕೇಳಿದಾಗ, "ಕಳಿಸೇನಿ" ಅಂದೆ. ನಿನ್ನ ಮುಖ ನೋಡಲಿಲ್ಲ.
ಆ ಹೆಣ್ಣುಮಗಳ ಮನೆಗೂ ಹೋಗಲಿಲ್ಲ. ಒಮ್ಮೆಯೂ...

ಆಮೇಲೆ ಸಂಹಿತೆ ಪಾಸಾಗಿ ಬಂತು. ರೋಗಿಗೆ ವಿವರಿಸಿ ಹೇಳಿ, ಅವನೇ ಮನಸಾರೆ ಒಪ್ಪಬೇಕು ಅನ್ನುವ ಮಾತು ಅದರಲ್ಲಿತ್ತು.
ನೀನು ಸೈಕಲ್ ತುಳಿದುಕೊಂಡು ನನ್ನ ದವಾಖಾನೆಗೆ ಬಂದೆ. "ನಮ್ಮ ಮಾತೂ ಅಲ್ಲೀತನಕಾ ಮುಟ್ಟೇತಿ ನೋಡೋ" ಅಂದೆ. ಅಷ್ಟು ಖುಷಿ ನಿನ್ನ ಮುಖದಲ್ಲಿ ನಿನ್ನ ಮದುವೆಯ ದಿನವೂ ನೋಡಿರಲಿಲ್ಲ.
ನಾನು ಹೌದು ಅಂದೆ.
ಥೂ ನನ್ನ ಜನ್ಮಕ್ಕೆ...

ನೀನು ದವಾಖಾನೆ ಮುಚ್ಚಿದಾಗ ನಾವು ಸನ್ಮಾನ ಮಾಡಿದೆವು. ಮೈಕ್ ಹಿಡಿದು, ಹುಬ್ಬಳ್ಳಿಯ ದನಿ ಜಗತ್ತಿಗೆ ಮುಟ್ಟಿತು ಅಂತ ಭಾಷಣ ಮಾಡಿದವನೂ ನಾನೇ.
ಗೆಳೆಯರೇ, ನೀವು ಇವತ್ತು ಶೇರ್ ಮಾಡುತ್ತಿರುವುದು ಅದೇ ಭಾಷಣ. ದಯವಿಟ್ಟು ನಿಲ್ಲಿಸಿ.
ಅವನು ದಿನಾ ಮಾಡಿದ್ದನ್ನು ಬರೆಯಿರಿ. ಒಂದು ಗುಳಿಗೆ ಬದಲಿಸಬೇಕಾದರೂ ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ಅವರಿಗೆ ತಿಳಿಯುವವರೆಗೂ ಹೇಳುತ್ತಿದ್ದ. ಹೊರಗೆ ಕಾಯುವವರು ಬೈದರೂ ಸೈ.

ಹೋದ ವಾರ ಫೋನ್ ಮಾಡಿದ್ದ. ಮೊಮ್ಮಗಳು ಮೆಡಿಕಲ್ ಸೇರಿದ್ದಾಳಂತೆ.
"ದಿಲ್ಲಿಗೆ ಕಳಿಸಿದ್ದರ ಪ್ರತಿ ನಿನ್ನ ಹತ್ರ ಇದ್ರ ಕೊಡೋ. ಆಕಿಗೆ ತೋರಸ್ತೇನಿ" ಅಂದ.
ಹುಡುಕಿ ಹೇಳುತ್ತೇನೆ ಅಂದೆ.
ಹುಡುಕುವುದೇನಿತ್ತು...

ಆ ಹುಡುಗಿ ಇದನ್ನು ಓದುತ್ತಾಳೆ ಅಂತ ಗೊತ್ತು. ಎರಡೂ ಪುಟದ ಫೋಟೋ ಕೆಳಗೆ ಹಾಕಿದ್ದೇನೆ.
ದೊಡ್ಡದು ಮಾಡಿ ನೋಡವಾ. ನೀಲಿ ಶಾಯಿ, ಕೊನೆಯಲ್ಲಿ ನಿನ್ನ ಅಜ್ಜನ ಸಹಿ.
ಇದು ಪ್ರತಿ ಅಲ್ಲ. ಅವನು ನನ್ನ ಕೈಗೆ ಕೊಟ್ಟ ಕಾಗದವೇ ಇದು.

ಹೋಗಿ ಬಾ ಗುರುನಾಥ... ನಿನ್ನ ಜೀವಕ್ಕೆ ಶಾಂತಿ ಸಿಗಲಿ.