ಪಕ್ಕದ ಜಾಗದವರ ಜಾಮೀನು

ಗೆಳೆಯರೆ, ಮನೆಸಾಲ ಇವತ್ತು ಮಂಜೂರಾಯಿತು!

ಸಿಮೆಂಟು ಕೊಳ್ಳಲು ಬೇಕಾದ ಸರಕಾರಿ ಪರ್ಮಿಟ್ಟು ಆಗಲೇ ಕೈಯಲ್ಲಿತ್ತು. ಆದರೆ ಖಾನಾಪುರದ ನನ್ನ ಜಾಗಕ್ಕೆ ಸಾಲ ಕೊಡಲು ಬೆಳಗಾವಿಯ ಬ್ಯಾಂಕುಗಳು ಒಪ್ಪಿರಲಿಲ್ಲ. ಉಳಿದದ್ದು ಖಾನಾಪುರದ್ದೇ ಒಂದು ಪತ್ತಿನ ಸಂಘ.

ಬೆಳಿಗ್ಗೆ ಅದರ ಸೆಕ್ರೆಟರಿ, “ಪಗಾರ ಚೀಟಿ ಸಾಲೂದಿಲ್ರಿ ಮಾಸ್ತರ. ಬಾಜೂ ಜಾಗಾದವರ ಜಾಮೀನು ಬೇಕು” ಎಂದರು.

ಪಕ್ಕದ ಜಾಗ ದಸ್ತಗೀರ ಸಾಹೇಬರದು. ಬೇಲಿಯ ಹತ್ತಿರದ ಒಂದು ಗೇಣು ಜಾಗಕ್ಕಾಗಿ ನಮ್ಮಿಬ್ಬರಿಗೂ ವರ್ಷಗಳಿಂದ ಜಗಳ. ಬೇರೆ ದಾರಿಯಿಲ್ಲದೆ ಹೋಗಿ ಕೇಳಿದೆ. ಚಪ್ಪಲಿ ಮೆಟ್ಟಿ ನನ್ನ ಜೊತೆ ಸಂಘಕ್ಕೆ ಬಂದರು, ಸಹಿ ಹಾಕಿದರು.

“ಖರೇನ ಜಾಮೀನು ನಿಲ್ತೀರೇನ್ರಿ, ಸಾಹೇಬ್ರ?” ಸೆಕ್ರೆಟರಿಗೇ ನಂಬಿಕೆಯಿಲ್ಲ.

“ಒಂದ ಗೇಣಿಗೆ ವರ್ಷಾನಗಟ್ಲೆ ಜಗಳಾ ತೆಗದಾರ. ಇಂಥವ್ರು ಜಾಗಾ ಬಿಟ್ಟ ಓಡಿ ಹೋಗ್ತಾರೇನ್ರಿ?”

ಇಷ್ಟು ಒಳ್ಳೆಯ ಪ್ರಶಸ್ತಿಪತ್ರ ನನಗೆ ಯಾರೂ ಕೊಟ್ಟಿರಲಿಲ್ಲ. ಕಷ್ಟವೆಂದರೆ, ಸಾಲ ತೀರುವ ತನಕ ಅವರೆದುರು ದನಿ ಏರಿಸುವಂತಿಲ್ಲ.